ಪರರ ಪರವಾಗಿ ಒಪ್ಪಿಗೆ

ದಾನವನ್ನು ಹೊಗಳಿದ ನಮ್ಮ ಹಿರಿಯರು ಒಂದು ಎಚ್ಚರಿಕೆಯನ್ನೂ ಹೇಳಿದರು: ಕೊಡುವ ವಸ್ತು ಕೊಡುವವನದೇ ಆಗಿರಬೇಕು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂದು ಗಾದೆ ನಗುವುದು ಇದಕ್ಕೇ. ಮೊಬೈಲಿನ ಆಪ್ ‘ಕಾಂಟ್ಯಾಕ್ಟ್ಸ್ ನೋಡಲೇ?’ ಎಂದಾಗ ಥಟ್ಟನೆ ಒಪ್ಪಿಬಿಡುವ ನಾವು ಕೊಡುತ್ತಿರುವುದು ಯಾರ ಸೊತ್ತನ್ನು? ಆ ಪಟ್ಟಿಯಲ್ಲಿರುವವರೆಲ್ಲ ನಮ್ಮ ಬಂಧುಮಿತ್ರರು. ಅವರನ್ನು ನಾವು ಕೇಳಿದೆವೆ?

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 24-8-2017ರಂದು ಒಮ್ಮತದಿಂದ ಸಾರಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಮಗೆ ಅಭಿಮಾನದ ಮಾತು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ಅವರಿಗೆ 86 ವರ್ಷ.

ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಕೋರಿಕೆಯನ್ನು ಕನ್ನಡದಲ್ಲೂ ಓದುವ ಆಯ್ಕೆಯಿರಬೇಕು, ಶೋಳಿಂಗನಲ್ಲೂರಿನಲ್ಲಿರುವ ನಮಗೂ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಫೋನಿನ ಮೂಲಕ ವೈದ್ಯಸಲಹೆ ನೀಡುವ ಆಪ್ ಕಾಂಟ್ಯಾಕ್ಟ್ಸ್ ಪಟ್ಟಿಯನ್ನೂ ಕೇಳಿ, ರೋಗಿ ಎರಡಕ್ಕೂ ಒಪ್ಪಿದರೂ, ವೈದ್ಯಸಲಹೆಗೆ ಪಟ್ಟಿ ಅಗತ್ಯವಿಲ್ಲವಾದ್ದರಿಂದ ಒಪ್ಪಿಗೆ ಸಲಹೆಗಷ್ಟೇ ಸೀಮಿತ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಯ ಕಲಮಿಗೆ ಅಲ್ಲಿಂದ 18 ತಿಂಗಳ ಗಡುವು.

‘ಹಿಂದೆ ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು, ವಿಳಾಸ, ನಂಬರು ಎಲ್ಲವೂ ಅಚ್ಚಾಗುತ್ತಿರಲಿಲ್ಲವೆ?’ ಎಂದು ಕೇಳಬಹುದು. ನಿಜ. ಆದರೆ ಯಾರಿಗೆ ಯಾರು ಬೇಕಾದವರೆಂದು ಡೈರೆಕ್ಟರಿ ಹೇಳುತ್ತಿರಲಿಲ್ಲ; ಕಾಂಟ್ಯಾಕ್ಟ್ಸ್ ಪಟ್ಟಿ ಅದನ್ನೇ ಹೇಳುತ್ತದೆ. ಸಾಲದ ಆಪುಗಳು ಈ ಗುಟ್ಟನ್ನು ಹಿಡಿದುಕೊಂಡೇ, ಕಂತು ತಪ್ಪಿದವನ ಬಂಧುಗಳಿಗೂ ಸಹೋದ್ಯೋಗಿಗಳಿಗೂ ಫೋನು ಮಾಡಿ ಮಾನ ಕಳೆದವು. ಸಾಲದ ಆಪುಗಳು ಈ ಪಟ್ಟಿಯನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಬೇಕಾಯಿತು. ಸಾಲ ಮಾಡಿದವನು ಒಬ್ಬ. ಸಾಲವನ್ನೇ ಮಾಡದವರಿಗೂ ಕಿರುಕುಳ.

ಕಂಪನಿಗಳಿಗೇನೋ ಕಾನೂನಿನ ಕಡಿವಾಣವುಂಟು. ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ ನಂಬರಿನ ಪಟ್ಟಿಗೆ ನಾವೇ ಕಾವಲುಗಾರರು. ಕಚೇರಿಯಲ್ಲಿ ಇನ್ನೊಬ್ಬರ ಸರ್ವೀಸ್ ಬುಕ್ಕನ್ನು ಹೊರಗಿನವರಿಗೆ ತೋರಿಸದ ನಾವು, ಅದೇ ಶಿಸ್ತನ್ನು ಅಂಗೈಯಲ್ಲಿನ ಯಂತ್ರಕ್ಕೇಕೆ ಅನ್ವಯಿಸಬಾರದು? ನೆಂಟರು ನಂಬರು ಕೊಟ್ಟದ್ದು ನಮ್ಮನ್ನು ನಂಬಿ, ಆಪನ್ನು ನಂಬಿ ಅಲ್ಲ. ಸೆಟ್ಟಿಂಗ್ಸ್ ತೆರೆದು, ಯಾವ ಆಪಿಗೆ ಪಟ್ಟಿ ಬೇಕಿಲ್ಲವೋ ಅದರ ಅನುಮತಿಯನ್ನು ತೆಗೆದುಹಾಕುವುದು ಐದು ನಿಮಿಷದ ಕೆಲಸ. ನಮ್ಮದಲ್ಲದ್ದನ್ನು ಕೊಡದಿರುವುದೂ ಒಂದು ಧರ್ಮವೇ.