ಹುಣಿಸೆಬೀಜ ಮತ್ತು ಮನೆಸಾಲ



ಶ್ರೀಮದಾಚಾರ್ಯರ ಬಾಲ್ಯದ ಪ್ರಸಂಗವೊಂದು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿದೆ. ಎತ್ತನ್ನು ಮಾರಿದ ವರ್ತಕನು ಹಣಕ್ಕಾಗಿ ಪಟ್ಟು ಹಿಡಿದಿರಲು, ಬಾಲಕ ವಾಸುದೇವನು ಹುಣಿಸೆಬೀಜಗಳನ್ನಿತ್ತು ತಂದೆಯ ಋಣವನ್ನು ಪರಿಹರಿಸಿದನು. ಬೀಜದ ಮಹಿಮೆಗೆ ಪುಳಕಿತರಾಗುವ ನಾವು, ಸಾಲ ಕೊಟ್ಟವನು ಬಂದು ನಿಂತ ಮನೆಯ ಸಂಕಟವನ್ನು ನೆನೆಯುವುದು ಕಡಿಮೆ. ಇಂದಿನ ಬ್ಯಾಂಕಿನವರಂತೂ ಹುಣಿಸೆಬೀಜಕ್ಕೆ ಒಪ್ಪುವವರಲ್ಲ!

ನಮ್ಮ ಉಬ್ರಾಣಿ ಸೀಮೆಯಲ್ಲಿ ಅಡಿಕೆಯ ಹಣವು ಕೊಯ್ಲಿನ ನಂತರ ಒಟ್ಟಿಗೆ ಕೈಸೇರುತ್ತದೆ. ಗೃಹಪ್ರವೇಶದ ಹೊಸತರಲ್ಲಿ ಅದು ಸೋಫಾ, ಷೋಕೇಸುಗಳತ್ತ ಹರಿಯುವುದು ಸಹಜ. ಆದರೆ ಲೆಕ್ಕವನ್ನು ನೋಡೋಣ. ಶೇಕಡಾ 8.5ರ ಬಡ್ಡಿಗೆ 20 ವರ್ಷಗಳ ಅವಧಿಯ 20 ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 3,189 ಮಾತ್ರ. ಆರಂಭದಲ್ಲಿಯೇ 1 ಲಕ್ಷವನ್ನು ಹೆಚ್ಚಾಗಿ ಕಟ್ಟಿ, ಕಂತನ್ನು ಇಳಿಸದೆ ಅವಧಿಯನ್ನು ಇಳಿಸಿರೆಂದು ಕೇಳಿದರೆ, ಬಡ್ಡಿದರ ಹಾಗೆಯೇ ಇದ್ದಲ್ಲಿ ಸುಮಾರು 28 ಕಂತುಗಳು ತಪ್ಪುತ್ತವೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆದೇಶಿಸಿದೆ.

ಹಾಗೆಂದು ಬರಿನೆಲದಲ್ಲಿ ಬಾಳಿರೆಂದು ನಾವು ಹೇಳುವುದಿಲ್ಲ. ದೇವರಿಗೆ ಮಂಟಪ, ವೃದ್ಧರಿಗೆ ಮಂಚ, ಮಕ್ಕಳಿಗೆ ಓದುವ ಮೇಜು ಮೊದಲ ವರ್ಷವೇ ಬರಲಿ. ಕಾಯಿಲೆಗೂ ಮಳೆ ಕೈಕೊಡುವ ವರ್ಷಕ್ಕೂ ಕೆಲವು ತಿಂಗಳ ಖರ್ಚು ಬೇರೆಯೇ ಇರಲಿ. ಸಾಲಕ್ಕೆ ಕಟ್ಟಿದ ಹಣವನ್ನು ಬೇಕೆಂದಾಗ ಮರಳಿ ಕೇಳಲಾಗದು. ಷೋಕೇಸು ಮಾತ್ರ ಇನ್ನೆರಡು ಕೊಯ್ಲು ಕಾಯಲಿ. ನವರಾತ್ರಿಯ ಬೊಂಬೆಗಳಿಗೆ ಹಲಗೆಯ ಮೆಟ್ಟಿಲುಗಳಿವೆಯಲ್ಲ.