ಸಹಿ ಹಾಕುವವರ ಹೊಣೆ

ಬ್ರಿಟನ್ನಿನ ಸುದ್ದಿ ಬಂದಾಗಲೆಲ್ಲ ನಮ್ಮ ಸಂಘದ ಕೂಟಗಳಲ್ಲಿ ಊಟದ ತಟ್ಟೆ ಹಿಡಿದೇ ಒಂದು ವಾದ ಶುರುವಾಗುತ್ತದೆ. 2016ರ ಜೂನ್ 23ರಂದು ಅಲ್ಲಿನ ಮತದಾರರು ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ತೀರ್ಪು ಕೊಟ್ಟರು. ಬಿಡೋಣ ಎಂದವರು ಶೇಕಡ 51.9, ಇರೋಣ ಎಂದವರು 48.1. "ಜನ ಹೇಳಿಯಾಯಿತು, ಇನ್ನೇನು ಮಾತು?" ಎಂದು ಕೆಲವರು. "ಇಂಥ ವಿಷಯವನ್ನು ಜನರ ಮುಂದೆ ಇಡಲೇಬಾರದಿತ್ತು, ಅವರಿಗೇನು ಗೊತ್ತು?" ಎಂದು ಕೆಲವರು. ಎರಡು ಮಾತಿನಲ್ಲೂ ಏನೋ ಬಿಟ್ಟುಹೋಗಿದೆ ಎಂದು ನಮಗೆ ತೋರುತ್ತದೆ. ಜನರನ್ನು ಕೇಳುವುದೆಂದರೇನು, ಕೇಳಿದಾಗ ಉತ್ತರ ಕೊಡುವವರ ಹೊಣೆಯೇನು ಎಂಬುದನ್ನು ಬಂಧುಗಳೊಡನೆ ಸ್ವಲ್ಪ ಆಲೋಚಿಸೋಣ.

ವೈದ್ಯ ವೃತ್ತಿಯ ನಮಗೆ ಈ ಪ್ರಶ್ನೆ ದಿನನಿತ್ಯದ್ದು. ಶಸ್ತ್ರಚಿಕಿತ್ಸೆಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳುತ್ತೇವೆ. ಊರಿನಲ್ಲಿ ಎಂ.ಬಿ.ಬಿ.ಎಸ್. ಮಾಡುತ್ತಿದ್ದ ಕಾಲದಲ್ಲಿ ಆ ಪತ್ರ ಇಂಗ್ಲಿಷಿನಲ್ಲಿ ಇರುತ್ತಿತ್ತು. ಹಳ್ಳಿಯಿಂದ ಬಂದ ತಾಯಿ ಹೆಬ್ಬೆಟ್ಟು ಒತ್ತುತ್ತಿದ್ದಳು, ಫೈಲು ಪೂರ್ತಿಯಾಗುತ್ತಿತ್ತು. ಹೊರದೇಶದಲ್ಲಿ ರೆಸಿಡೆನ್ಸಿಗೆ ಸೇರಿದ ಮೇಲೆ ಹಿರಿಯರು ನಮಗೆ ಬೇರೆ ಪಾಠ ಹೇಳಿದರು. ಸಹಿಯು ಒಪ್ಪಿಗೆ ನಡೆದುದಕ್ಕೆ ಸಾಕ್ಷಿ ಮಾತ್ರ. ನಿಜವಾದ ಒಪ್ಪಿಗೆಯಾಗಬೇಕಾದರೆ ರೋಗಿಗೆ 'ಬೇಡ' ಎನ್ನುವ ಅವಕಾಶ ಇರಬೇಕು. ಏನು ಮಾಡುತ್ತೇವೆ, ಮಾಡಿದರೆ ಏನಾಗಬಹುದು, ಮಾಡದಿದ್ದರೆ ಏನಾಗಬಹುದು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿರಬೇಕು. ಈ ಅಳತೆಗೋಲನ್ನು ಜನಮತಗಣನೆಗೂ ಹಿಡಿದು ನೋಡಬಹುದು.

ಅದಕ್ಕೆ ಬ್ರಿಟನ್ನಿನವರೆಗೆ ಹೋಗಬೇಕಾಗಿಲ್ಲ. ಪುಂಗೋಲ್ ಪಾಯಿಂಟ್‌ನಲ್ಲಿ ನಿಂತರೆ ಜಲಸಂಧಿಯ ಆಚೆಗೆ ಮಲೇಷ್ಯಾದ ಜೋಹೋರ್ ದಡ ಕಾಣುತ್ತದೆ. ಇಂದು ಅದು ಪರದೇಶ. ಆದರೆ 1963ರ ಸೆಪ್ಟೆಂಬರ್ 16ರಿಂದ 1965ರ ಆಗಸ್ಟ್ 9ರವರೆಗೆ ಈ ಎರಡು ದಡಗಳೂ ಒಂದೇ ದೇಶವಾಗಿದ್ದವು. ಒಂದಾಗುವ ಮುನ್ನ, 1962ರ ಸೆಪ್ಟೆಂಬರ್ 1ರಂದು, ಸಿಂಗಪುರದ ಮತದಾರರನ್ನು ಕೇಳಲಾಯಿತು. ಚೀಟಿಯಲ್ಲಿ ಮೂರು ಆಯ್ಕೆಗಳಿದ್ದವು. ಶಿಕ್ಷಣ ಮತ್ತು ಕಾರ್ಮಿಕ ವಿಷಯಗಳಲ್ಲಿ ಸ್ವಾಯತ್ತತೆ ಉಳಿಸಿಕೊಂಡು ಸೇರುವುದು ಒಂದು. ಮಲಯದ ಇತರ ರಾಜ್ಯಗಳಂತೆಯೇ ಸೇರುವುದು ಎರಡು. ಬೋರ್ನಿಯೋ ಪ್ರಾಂತ್ಯಗಳಿಗೆ ಸಿಗುವುದಕ್ಕಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಸೇರುವುದು ಮೂರು. 'ಸೇರುವುದೇ ಬೇಡ' ಎನ್ನಲು ಜಾಗವಿರಲಿಲ್ಲ. ಸೇರಬೇಕೆಂಬ ಬಗ್ಗೆ ಮುಖ್ಯ ಪಕ್ಷಗಳಲ್ಲಿ ಭಿನ್ನಾಭಿಪ್ರಾಯವಿಲ್ಲ, ಹೇಗೆ ಸೇರಬೇಕೆಂಬುದಷ್ಟೇ ಪ್ರಶ್ನೆ ಎಂದು ಸರ್ಕಾರದ ವಾದ. ಷರತ್ತುಗಳನ್ನು ಒಪ್ಪದ ಬಾರಿಸಾನ್ ಸೋಷಿಯಾಲಿಸ್ ಪಕ್ಷ ಖಾಲಿ ಚೀಟಿ ಹಾಕಿರೆಂದು ಜನರಿಗೆ ಕರೆಕೊಟ್ಟಿತು. ಮೊದಲ ಆಯ್ಕೆಗೆ 3,97,626 ಮತಗಳು, ಅಂದರೆ ಸುಮಾರು ಶೇಕಡ 71, ಬಂದವು. ಖಾಲಿ ಚೀಟಿಗಳು 1,44,077. ನಾಲ್ವರಲ್ಲಿ ಒಬ್ಬರು ಸಾಲಿನಲ್ಲಿ ನಿಂತು, ಚೀಟಿ ಪಡೆದು, ಏನೂ ಗುರುತು ಹಾಕದೆ ಹಿಂದಿರುಗಿಸಿದರು. ರೋಗಿಯೊಬ್ಬ ಪತ್ರವನ್ನು ಹಾಗೆ ಮಡಿಸಿ ಕೊಟ್ಟರೆ ಅವನಿಗೆ ಇನ್ನೂ ಏನೋ ಹೇಳುವುದಿದೆ ಎಂದು ಅರ್ಥಮಾಡಿಕೊಳ್ಳುತ್ತೇವೆ.

ಬೇರೆಯಾಗುವಾಗ ಅಷ್ಟೂ ಕೇಳಲಿಲ್ಲ. 1964ರ ಜುಲೈ ತಿಂಗಳಲ್ಲಿ ಇಲ್ಲಿ ಜನಾಂಗೀಯ ಗಲಭೆಯಾಗಿ ಪ್ರಾಣಹಾನಿಯಾಗಿತ್ತು. ನಾಯಕರು ಗುಟ್ಟಾಗಿ ಮಾತುಕತೆ ನಡೆಸಿದರು. 1965ರ ಆಗಸ್ಟ್ 9ರಂದು ಕೌಲಾಲಂಪುರದ ಸಂಸತ್ತು 126-0 ಮತಗಳಿಂದ ಬೇರ್ಪಡಿಕೆಗೆ ಒಪ್ಪಿತು. ಸಾಮಾನ್ಯ ಜನರು ರೇಡಿಯೋದಲ್ಲಿ ಕೇಳಿ ತಾವು ಬೇರೆ ದೇಶದವರಾದೆವೆಂದು ತಿಳಿದರು. ಲೀ ಕ್ವಾನ್ ಯೂ ಟೆಲಿವಿಷನ್ ಮುಂದೆ ಕಣ್ಣೀರಿಟ್ಟರು. ಚೈನಾಟೌನ್‌ನಲ್ಲಿ ಪಟಾಕಿ ಹಚ್ಚಿದವರೂ ಇದ್ದರು. ಇದನ್ನು ಎಮರ್ಜೆನ್ಸಿ ಆಪರೇಷನ್ ಎನ್ನಬಹುದು. ರಕ್ತ ಹರಿಯುತ್ತಿರುವಾಗ ಸಹಿಗಾಗಿ ಕಾಯುವಂತಿಲ್ಲ. ನಾಡು ಉಳಿಯಿತು, ಬೆಳೆಯಿತು, ಅದರ ಫಲವನ್ನು ನಾವೂ ಉಣ್ಣುತ್ತಿದ್ದೇವೆ. ಆದರೂ ರೋಗಿ ಬದುಕಿದ ಎಂಬ ಕಾರಣಕ್ಕೆ ಕೇಳದೆ ಕೊಯ್ಯುವುದು ಪದ್ಧತಿಯಾಗಬಾರದಷ್ಟೆ.

ನಮ್ಮ ಕರ್ನಾಟಕದ ಸುತ್ತಲಲ್ಲೇ ಎರಡೂ ಬಗೆಯ ಉದಾಹರಣೆಗಳಿವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗರನ್ನು ಯಾರೂ ಮತ ಹಾಕಿರೆಂದು ಕರೆಯಲಿಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ಅದೇ 1967ರ ಜನವರಿ 16ರಂದು ಪಕ್ಕದ ಗೋವಾದಲ್ಲಿ ಮಾತ್ರ ಜನರನ್ನು ಕೇಳಿದರು. ಮಹಾರಾಷ್ಟ್ರದೊಡನೆ ವಿಲೀನವಾಗಬೇಕೆನ್ನುವವರಿಗೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಇರಬೇಕೆನ್ನುವವರಿಗೆ ಎರಡು ಎಲೆಗಳ ಗುರುತು. ಎರಡರ ಅರ್ಥವೂ ಜನಕ್ಕೆ ಗೊತ್ತಿತ್ತು. ಬೇರೆಯಾಗಿ ಇರೋಣ ಎಂಬ ಪಕ್ಷ 34,021 ಮತಗಳಿಂದ ಗೆದ್ದಿತು. ಕೇಳುವ ರೀತಿಯಲ್ಲಿ ಕೇಳಿದರೆ ಸಾಮಾನ್ಯರು ಉತ್ತರ ಕೊಡಬಲ್ಲರು ಎನ್ನಲು ನಮಗೆ ಇದೊಂದು ಸಾಕು.

ಈಗ ಬ್ರಿಟನ್ನಿಗೆ ಬರೋಣ. ಅಲ್ಲಿ 'ಬೇಡ' ಎನ್ನಲು ಜಾಗವಿತ್ತು. ಕೊರತೆ ಇದ್ದದ್ದು ವಿವರಣೆಯಲ್ಲಿ. ಬಿಟ್ಟ ಮೇಲೆ ಐರೋಪ್ಯ ಮಾರುಕಟ್ಟೆಯೊಳಗೆ ಇರುವುದೇ, ಹೊರಗೆ ಹೋಗುವುದೇ, ಐರ್ಲೆಂಡಿನ ಗಡಿ ಏನಾಗಬೇಕು ಎಂಬುದು ಚೀಟಿಯಲ್ಲಿ ಇರಲಿಲ್ಲ. ಆಪರೇಷನ್ ಆಗಲಿ ಎಂದು ಸಹಿಯಾಯಿತು, ಯಾವ ಆಪರೇಷನ್ ಎಂಬ ಚರ್ಚೆ ಆಮೇಲೆ ಶುರುವಾಯಿತು. ಮತ್ತೊಮ್ಮೆ ಮತ ಕೇಳಿರೆಂಬ ಮನವಿಗೆ 40 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊನೆಗೆ ದೇಶ ಹೊರಬಂದದ್ದು 2020ರ ಜನವರಿ 31ರಂದು.

ಇಲ್ಲಿ ನಮ್ಮಂಥವರು ಗಮನಿಸಬೇಕಾದ ಸಂಗತಿಯೊಂದಿದೆ. ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ದಿನ ಮತವಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಒಂದೆರಡು ವರ್ಷದ ಕೆಲಸಕ್ಕೆಂದು ಬೆಂಗಳೂರಿನಿಂದ ಹೋದ ಇಂಜಿನಿಯರ್ ಮತ ಹಾಕಬಹುದಿತ್ತು. ಅದೇ ಬೀದಿಯಲ್ಲಿ ಹತ್ತು ವರ್ಷದಿಂದ ಇದ್ದು ಆಸ್ಪತ್ರೆಯಲ್ಲಿ ದುಡಿಯುವ, ಪೋಲೆಂಡ್ ಪ್ರಜೆಯಾಗಿಯೇ ಉಳಿದ ನರ್ಸ್‌ಗೆ ಮತವಿರಲಿಲ್ಲ. ಹದಿನೇಳು ವರ್ಷದ ಹುಡುಗರಿಗೂ ಇರಲಿಲ್ಲ. ಫಲಿತಾಂಶವನ್ನು ಅತಿ ಹೆಚ್ಚು ಅನುಭವಿಸಬೇಕಾದವರು ಅವರೇ.

ಆದ್ದರಿಂದ ಇಂಥ ಮತ ಹಾಕುವವರು ತಮ್ಮ ಸ್ವಂತ ಆಪರೇಷನ್‌ಗೆ ಸಹಿ ಹಾಕುವ ರೋಗಿಯ ಸ್ಥಾನದಲ್ಲಿ ಮಾತ್ರ ಇರುವುದಿಲ್ಲ. ಪ್ರಜ್ಞೆಯಿಲ್ಲದ ರೋಗಿಯ ಪರವಾಗಿ, ಮಗುವಿನ ಪರವಾಗಿ ಸಹಿ ಹಾಕುವ ಸಂಬಂಧಿಕರ ಸ್ಥಾನದಲ್ಲೂ ಇರುತ್ತಾರೆ. ಆ ಸಂಬಂಧಿಕರನ್ನು ನಾವು ಎಷ್ಟೋ ರಾತ್ರಿ ವಾರ್ಡಿನ ಹೊರಗೆ ಕಂಡಿದ್ದೇವೆ. ಒಳ್ಳೆಯವರು "ನಮಗೇನು ಅನುಕೂಲ?" ಎಂದು ಕೇಳುವುದಿಲ್ಲ. "ಅವರಿಗೆ ಮಾತು ಬರುವಂತಿದ್ದರೆ ಏನು ಹೇಳುತ್ತಿದ್ದರು?" ಎಂದು ಯೋಚಿಸುತ್ತಾರೆ. ಸಹಿ ಹಾಕಿ ಮನೆಗೂ ಹೋಗುವುದಿಲ್ಲ. ಆಪರೇಷನ್ ಚೆನ್ನಾಗಿ ಆದರೂ ಆಗದಿದ್ದರೂ ಹಾಸಿಗೆಯ ಪಕ್ಕ ಕೂತಿರುತ್ತಾರೆ. ಮತದಾರನಿಗೂ ಈ ಎರಡೂ ಅನ್ವಯಿಸುತ್ತವೆ ಎಂದು ನಮ್ಮ ನಂಬಿಕೆ. ಗೆದ್ದವರು "ಮುಗಿಯಿತು" ಎನ್ನುವುದೂ, ಸೋತವರು "ದಡ್ಡ ಜನ" ಎಂದು ಬೆನ್ನು ತಿರುಗಿಸುವುದೂ ಹಾಸಿಗೆ ಬಿಟ್ಟು ಎದ್ದುಹೋದಂತೆಯೇ.

ಇದು ದೊಡ್ಡ ದೇಶಗಳ ಮಾತು, ನಮಗೇಕೆ ಎನ್ನಬಹುದು. ಭಾರತದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಸಿಂಗಪುರವೂ ಅಷ್ಟೆ. ಹಾಗಾಗಿ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಊಟದ ಮೇಜೇ ಮತಗಟ್ಟೆಯಾಗಿದೆ. ಬಿಡುವುದೇ, ಇರುವುದೇ? ಗಂಡ ಹೆಂಡತಿ ಸಹಿ ಹಾಕುತ್ತಾರೆ. ಎರಡು ವರ್ಷ ನ್ಯಾಷನಲ್ ಸರ್ವಿಸ್ ಮಾಡುವವನು ಮಗ; ಚಿಕ್ಕಂದಿನಲ್ಲಿ ತಂದೆತಾಯಿಯ ಜೊತೆ ಪೌರತ್ವ ಪಡೆದು, 21 ತುಂಬಿದಾಗ ನಿಷ್ಠೆಯ ಪ್ರತಿಜ್ಞೆ ಮಾಡಬೇಕಾದವಳು ಮಗಳು; ಫೋನಿನಲ್ಲಿ ಸುದ್ದಿ ಕೇಳಿ ಸುಮ್ಮನಾಗುವವರು ಊರಿನ ಅಜ್ಜಿ. ಈ ಮೂವರಿಗೂ ಆ ಮೇಜಿನಲ್ಲಿ ಮತವಿರುವುದಿಲ್ಲ. ಯಾವ ಕಡೆ ತೀರ್ಮಾನ ಮಾಡಿದರೂ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಅರ್ಜಿ ತುಂಬುವ ಮೊದಲು ಆ ಮೂವರಿಗೆ ಅವರ ಭಾಷೆಯಲ್ಲಿ ವಿಷಯ ತಿಳಿಸಿ, ಅವರು 'ಬೇಡ' ಎಂದರೆ ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ನಮಗಿರಲಿ. ಅಜ್ಜಿಗೆ ಫೋನ್ ಮಾಡಲು ಭಾನುವಾರ ಬೆಳಗ್ಗೆ ಒಳ್ಳೆಯ ಹೊತ್ತು.

— ಸಂಘದ ಸದಸ್ಯ ವೈದ್ಯರು, ಪುಂಗೋಲ್