ಹೆಸರು ಕೊಟ್ಟ ಮೇಲೆ

ನಮ್ಮ ವಾಚನಾಲಯದಲ್ಲಿ ಮೊದಲ ಸಲ ಸ್ಟೆಮ್ ಸೆಲ್ ದಾನಿಗಳ ನೋಂದಣಿ ಶಿಬಿರ ನಡೆದಾಗ ಸ್ವಾಗತ ಭಾಷಣ ನನ್ನದೇ. ಮೂವತ್ತು ವರ್ಷ ಮಾಸ್ಟ್ರಾಗಿದ್ದವನ ಕೈಗೆ ಮೈಕ್ ಸಿಕ್ಕಿದರೆ ಕೇಳಬೇಕೆ? ಶಿಬಿಯಿಂದ ಶುರುಮಾಡಿ ದಧೀಚಿಯವರೆಗೆ ಹೋಗಿ ಬಂದೆ. ಕೊನೆಗೆ, "ಹೆದರುವಂಥದ್ದು ಎಂತದೂ ಇಲ್ಲ ಮಕ್ಕಳೇ, ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಬದಿ ಉಜ್ಜುವುದು, ಎರಡು ನಿಮಿಷದ ಕೆಲಸ" ಎಂದೆ. ಸಂಜೆಯೊಳಗೆ 64 ಮಂದಿ ಹೆಸರು ಕೊಟ್ಟರು. ವಾರ್ಷಿಕ ವರದಿಯಲ್ಲಿ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆವು.

ಎರಡು ವರ್ಷ ಕಳೆದು ಆ 64ರಲ್ಲಿ ಒಬ್ಬ ಹುಡುಗನಿಗೆ ಫೋನ್ ಬಂತು. ಒಬ್ಬ ರೋಗಿಗೆ ಇವನದು ಹೊಂದಿಕೆಯಾಗುವ ಹಾಗೆ ಕಾಣುತ್ತದೆ, ಮುಂದಿನ ಪರೀಕ್ಷೆಗೆ ರಕ್ತ ಕೊಡಬಹುದೇ ಎಂದು. ಇವನು ಹೆಸರು ಕೊಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬನೇ ಮಗ, ಮದುವೆಯ ಮಾತುಕತೆ ನಡೆಯುತ್ತಿತ್ತು. ಮೂರನೇ ದಿನ ಆಗುವುದಿಲ್ಲ ಎಂದು ತಿಳಿಸಿಬಿಟ್ಟ. ಆಮೇಲೆ ಅವನ ತಾಯಿ ನಮ್ಮಲ್ಲಿಗೆ ಬಂದರು. ಜಗಲಿಯಲ್ಲಿ ಕೂತು, ಕೊಟ್ಟ ಬೆಲ್ಲ ನೀರನ್ನೂ ಮುಟ್ಟದೆ ಕೇಳಿದರು: "ಮಾಸ್ಟ್ರೇ, ಬೆನ್ನುಮೂಳೆಗೆ ಸೂಜಿ ಹಾಕ್ತಾರಂತಲ್ಲ. ಎರಡು ನಿಮಿಷ ಅಂತ ನೀವು ಹೇಳಿದ್ದು ಇದಕ್ಕೆಯಾ? ನಿಮ್ಮ ಮಗ ಆಗಿದ್ರೆ ಕಳಿಸ್ತಿದ್ರಾ?"

ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಹೆಸರು ಕೊಟ್ಟಿದ್ದಾನೋ ಇಲ್ಲವೋ ಎಂದು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಆ ಹುಡುಗ ಮಾಡಿದ್ದು ತಪ್ಪೇ? ಕಾನೂನಿನ ಪ್ರಕಾರ ಅಲ್ಲ. ದಾನಿ ಯಾವ ಹಂತದಲ್ಲೂ ಬೇಡ ಎನ್ನಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1978ರಲ್ಲಿ ಇಂಥದೊಂದು ಮೊಕದ್ದಮೆ ನಡೆದಿತ್ತು. ಮ್ಯಾಕ್‌ಫಾಲ್ ಎಂಬವನ ಅಸ್ಥಿಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಸಾಲಿನ ಸಂಬಂಧಿ ಶಿಂಪ್ ಎಂಬವನದು ಮೊದಲ ಪರೀಕ್ಷೆಯಲ್ಲಿ ಹೊಂದಿಕೆ ಕಂಡಿತು. ಆಮೇಲೆ ಅವನು ಹಿಂದೆ ಸರಿದ. ಮ್ಯಾಕ್‌ಫಾಲ್ ಕೋರ್ಟಿಗೆ ಹೋದ. ಈ ನಿರಾಕರಣೆಯನ್ನು ನೀತಿಯ ದೃಷ್ಟಿಯಿಂದ ಸಮರ್ಥಿಸಲಾಗದು ಎಂದ ನ್ಯಾಯಾಧೀಶರು, ಹಾಗಂತ ಒಬ್ಬನ ಮೈಯಿಂದ ಬಲವಂತವಾಗಿ ತೆಗೆಸಲು ಮಾತ್ರ ಒಪ್ಪಲಿಲ್ಲ. ಮ್ಯಾಕ್‌ಫಾಲ್ ತಿಂಗಳೊಳಗೆ ತೀರಿಕೊಂಡ.

ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಕೋರ್ಟಿನ ಆರ್ಡರು ಹಿಡಿದುಕೊಂಡು ಬಂದು ಮೈಗೆ ಸೂಜಿ ಚುಚ್ಚುವ ಊರಿನಲ್ಲಿ ಯಾರು ನೆಮ್ಮದಿಯಿಂದ ಮಲಗುತ್ತಾರೆ? ಆದರೆ ಒಂದು ವ್ಯತ್ಯಾಸ ಉಂಟು. ಶಿಂಪ್ ತಾನಾಗಿ ಹೋಗಿ ಯಾವ ಪಟ್ಟಿಯಲ್ಲೂ ಹೆಸರು ಬರೆಸಿದವನಲ್ಲ. ನಾವು ಬರೆಸುತ್ತೇವೆ. ಮುಖ ಗೊತ್ತಿಲ್ಲದ, ಬಹುಶಃ ಇನ್ನೂ ಕಾಯಿಲೆಯೇ ಬಾರದ ಒಬ್ಬರಿಗೆ ಮುಂಚಿತವಾಗಿ ಮಾತು ಕೊಟ್ಟ ಹಾಗೆ ಅದು. ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಅವರು ನಮ್ಮ ಬಾಗಿಲಿಗೆ ಬಂದು ಕೇಳಲಾರರು.

ಬೇಡ ಎನ್ನುವುದಕ್ಕೂ ಹೊತ್ತುಗೊತ್ತು ಉಂಟು. ಮೊದಲ ಫೋನಿಗೇ ಬೇಡ ಎಂದರೆ ಇನ್ನೊಬ್ಬರನ್ನು ಹುಡುಕಬಹುದು, ಸಿಗದೆಯೂ ಹೋಗಬಹುದು. ಆದರೆ ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ತೀವ್ರವಾದ ಔಷಧಿಯಿಂದ, ಕೆಲವೊಮ್ಮೆ ವಿಕಿರಣದಿಂದಲೂ, ಸುಟ್ಟುಹಾಕುತ್ತಾರೆ. ಅದಾದ ಮೇಲೆ ದಾನಿ ಮನಸ್ಸು ಬದಲಿಸಿದರೆ ರೋಗಿಗೆ ಹಿಂದೆ ಬರಲು ದಾರಿಯಿಲ್ಲ. ಆಗಲೂ ದಾನಿಯ ಸ್ವಾತಂತ್ರ್ಯ ಕಾನೂನಿನಲ್ಲಿ ಹಾಗೆಯೇ ಇರುತ್ತದೆ. ಆದರೆ ಅದನ್ನು ಬಳಸಿದವನಿಗೆ ಆ ರಾತ್ರಿ ನಿದ್ದೆ ಬರಲಿಕ್ಕುಂಟೇ?

ನಮ್ಮ ಹುಡುಗ ಮೊದಲ ಫೋನಿಗೇ ಹೇಳಿದ. ಅವನನ್ನು ನಾನು ದೂರುವುದಿಲ್ಲ. ಇಷ್ಟು ದೊಡ್ಡ ಮಾತನ್ನು ಎರಡು ನಿಮಿಷದ ಕೆಲಸ ಎಂದು ಅವನ ಕೈಯಿಂದ ಕೊಡಿಸಿದವನು ನಾನು. ಶಿಬಿರಕ್ಕೆ ಬಂದವರು ಎಲ್ಲವನ್ನೂ ವಿವರಿಸಲು ಹೊರಟಾಗ, ಊಟಕ್ಕೆ ಹೊತ್ತಾಯಿತು ಎಂದು ಅವಸರ ಮಾಡಿದವನೂ ನಾನೇ.

ಹಾಗಾದರೆ ಈ ಉಸಾಬರಿಯೇ ಬೇಡ ಎಂದರು ನಮ್ಮ ಸಮಿತಿಯ ಒಬ್ಬರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ಹೊಂದಬೇಕಾದದ್ದು ರಕ್ತದ ಗುಂಪಲ್ಲ, ಎಚ್‌ಎಲ್‌ಎ ಎಂಬ ಗುರುತು. ರಕ್ತದ ಗುಂಪು ಬೇರೆಯಾದರೂ ನಡೆಯುತ್ತದೆ. ಕಸಿಯಾದ ಮೇಲೆ ರೋಗಿಯ ಗುಂಪೇ ದಾನಿಯದಕ್ಕೆ ಬದಲಾಗುತ್ತದೆ. ಈ ಎಚ್‌ಎಲ್‌ಎ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವಂಥದ್ದು. ಒಡಹುಟ್ಟಿದವರಲ್ಲಿ ಕೂಡ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯಲ್ಲಿ ಸಿಗದಿದ್ದರೆ ಹೊರಗೆ ಹುಡುಕಬೇಕು, ಅದೂ ಒಂದೇ ಮೂಲದ ಜನರಲ್ಲಿ ಸಿಗುವ ಸಂಭವ ಹೆಚ್ಚು. ಜಗತ್ತಿನ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ನಮ್ಮ ದೇಶದವರು ಅದರಲ್ಲಿ ತೀರ ಕಡಿಮೆ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ನಂಟಸ್ತಿಕೆ ಸೇರಲಿಲ್ಲ, ಅದು ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಗೇ ಉಳಿಯಿತು. ತಲಪಾಡಿ ಗೇಟಿನ ಆಚೆ ಮಲಗಿದ ಮಗುವೊಂದಕ್ಕೆ ಬೇಕಾದ್ದು ಬದಿಯಡ್ಕದ ಯಾರದೋ ಮೈಯಲ್ಲಿ ಇರಬಹುದು. ಹಾಗಿರುವಾಗ ನಾವು ಕೈಕಟ್ಟಿ ಕೂತರೆ ಹೇಗೆ?

ಆ ತಾಯಿಗೆ ಮೊದಲೇ ಹೇಳಬೇಕಾಗಿದ್ದ ಸಂಗತಿ ಇಷ್ಟೇ. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಹೆಚ್ಚಾಗಿ ರಕ್ತದಿಂದಲೇ ತೆಗೆಯುತ್ತಾರೆ. ನಾಲ್ಕೈದು ದಿನ ಚರ್ಮದಡಿಗೆ ಇಂಜೆಕ್ಷನ್. ಆಗ ಜ್ವರ ಬಂದವರ ಹಾಗೆ ಮೈಕೈ ನೋವು, ತಲೆನೋವು ಬರುವುದುಂಟು. ಆಮೇಲೆ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ಕೈಗೆ ಹಿಂದೆ ಬರುತ್ತದೆ. ನಾಲ್ಕರಿಂದ ಆರು ಗಂಟೆ ಮಲಗಿರಬೇಕು. ಕೆಲವರಿಗೆ ಮಾತ್ರ ಅರಿವಳಿಕೆ ಕೊಟ್ಟು ಸೊಂಟದ ಹಿಂಬದಿಯ ಎಲುಬಿನಿಂದ ಮಜ್ಜೆ ತೆಗೆಯುವುದುಂಟು. ಹೋದದ್ದನ್ನು ಮೈ ಕೆಲವು ವಾರಗಳಲ್ಲಿ ತುಂಬಿಸಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ, ಸಂಭಾವನೆಯೂ ಇಲ್ಲ. ಇದನ್ನೆಲ್ಲ ಬಿಟ್ಟು ನಾನು ದಧೀಚಿಯ ಕಥೆ ಹೇಳಿದ್ದೆ. ಎಲುಬು ಕೊಟ್ಟು ಪ್ರಾಣ ಬಿಟ್ಟವನ ಕಥೆ ಕೇಳಿ ಯಾವ ತಾಯಿ ಮಗನನ್ನು ಕಳಿಸಿಯಾಳು! ಇಲ್ಲಿ ಪ್ರಾಣವನ್ನು ಯಾರೂ ಕೇಳುವುದಿಲ್ಲ. ಒಂದಿಷ್ಟು ನೋವು, ಒಂದಿಷ್ಟು ರಜೆ, ಮತ್ತೆ ಮನೆಯವರನ್ನು ಒಪ್ಪಿಸುವ ಕೆಲಸ. ಮೂರರಲ್ಲಿ ಕಷ್ಟದ್ದು ಕೊನೆಯದೇ.

ಎರಡನೇ ಶಿಬಿರದಲ್ಲಿ ಇದನ್ನೇ ಹೇಳಿದೆವು. ಇವತ್ತು ಯಾರೂ ಹೆಸರು ಕೊಡುವುದು ಬೇಡ, ಮನೆಗೆ ಹೋಗಿ ಹೇಳಿ, ಬರುವ ಆದಿತ್ಯವಾರ ಬನ್ನಿ ಎಂದೆ. ಬಂದವರು 19. "ಎಂತ ಮಾಸ್ಟ್ರೇ, ಜನ ಓಡಿಸಿದ್ರಲ್ಲ" ಎಂದು ಅಧ್ಯಕ್ಷರಿಗೆ ಬೇಸರ. ಇರಲಿ. ನನಗೆ 61 ಆಯಿತು, ಈ ವಯಸ್ಸಿನವರ ಹೆಸರನ್ನು ತೆಗೆದುಕೊಳ್ಳುವುದಿಲ್ಲ. ಇಲ್ಲವಾದರೆ ಇಪ್ಪತ್ತಾಗುತ್ತಿತ್ತು.

ಅಷ್ಟರ ಮೇಲೆ ಮಗನಿಗೆ ಫೋನ್ ಮಾಡಿ ಕೇಳಿದೆ. "ಅಪ್ಪ, ಕಾಲೇಜಿನಲ್ಲಿರುವಾಗಲೇ ಕೊಟ್ಟಿದ್ದೇನೆ. ಅಮ್ಮ ಹೆದರ್ತಾಳೆ ಅಂತ ಹೇಳಲಿಲ್ಲ" ಎಂದ. ಊರಿಗೆಲ್ಲ ಮನೆಯಲ್ಲಿ ಹೇಳಿ ಬನ್ನಿ ಎಂದ ನನಗೆ, ಅದನ್ನು ನನ್ನ ಹೆಂಡತಿಗೆ ಹೇಳಲು ನಾಲ್ಕು ದಿನ ಹಿಡಿಯಿತು. ಅಡಿಕೆ ಸುಲಿಯುತ್ತಿದ್ದವಳು ಮೆಟ್ಟುಕತ್ತಿಯಿಂದ ಕೈ ತೆಗೆಯದೆ ಪೂರ್ತಿ ಕೇಳಿದಳು.

"ಫೋನ್ ಬಂದ್ರೆ ನಾನೂ ಒಟ್ಟಿಗೆ ಹೋಗ್ಬಹುದಾ?"

ಒಬ್ಬರು ಜೊತೆಗೆ ಇರಬಹುದು ಎಂದೆ.

"ನೀವಲ್ಲ, ನಾನು" ಎಂದಳು.